ಗೋಪುರದ ಬಾಗಿಲಿಗೆ ಕರೆಗಂಟೆ

ಹದಿಮೂರನೆಯ ಶತಮಾನದ ಕಲ್ಲಿನ ಗೋಪುರವೊಂದರ ಬಾಗಿಲ ಪಕ್ಕದಲ್ಲಿ ಕರೆಗಂಟೆಯ ಗುಂಡಿಗಳನ್ನು ಕಂಡಾಗ ನನಗೆ ಮೊದಲು ಆದದ್ದು ಸಂತೋಷವಲ್ಲ, ಕಸಿವಿಸಿ. ಜರ್ಮನಿಯ ರೇಗನ್ಸ್‌ಬುರ್ಗ್ ನಗರದ ವಾಲೆನ್‌ಸ್ಟ್ರಾಸೆ ಎಂಬ ಇಕ್ಕಟ್ಟಾದ ಬೀದಿಯಲ್ಲಿ, ಸುಮಾರು 50 ಮೀಟರ್ ಎತ್ತರದ ‘ಚಿನ್ನದ ಗೋಪುರ’ದ ಬುಡದಲ್ಲಿ ನಿಂತು, ಟಿಕೆಟ್ ಎಲ್ಲಿ ಕೊಡುತ್ತಾರೆ, ಇಲಾಖೆಯ ಫಲಕ ಎಲ್ಲಿದೆ ಎಂದು ನಾನು ನಮ್ಮ ಕಡೆಯ ಅಭ್ಯಾಸದಲ್ಲಿ ಅತ್ತಿತ್ತ ಹುಡುಕುತ್ತಿದ್ದೆ. ನನ್ನಾಕೆ ತೋಳು ಹಿಡಿದು ಜಗ್ಗಿದಳು. “ರೀ, ಸುಮ್ನೆ ಬನ್ನಿ, ಒಳಗೆ ಹುಡುಗರಿದ್ದಾರೆ” ಎಂದಳು. ನಿಜವಾಗಿಯೂ ಇದ್ದರು. ಆ ಗೋಪುರ ಈಗ ವಿದ್ಯಾರ್ಥಿಗಳ ವಸತಿ ನಿಲಯ. ಮಧ್ಯಯುಗದ ಶ್ರೀಮಂತ ವರ್ತಕ ಮನೆತನವೊಂದು ನೆರೆಯವರಿಗಿಂತ ತಾವು ಒಂದು ಕೈ ಮೇಲೆಂದು ತೋರಿಸಿಕೊಳ್ಳಲು ಎತ್ತಿ ಕಟ್ಟಿಸಿದ ಕಟ್ಟಡದಲ್ಲಿ ಇಂದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅಡುಗೆ ಮಾಡಿಕೊಂಡು, ಬಟ್ಟೆ ಒಣಗಿಸಿಕೊಂಡು, ತಡರಾತ್ರಿ ಹಿಂದಿರುಗಿ ಮೆಟ್ಟಿಲು ಹತ್ತಿಕೊಂಡು ಬದುಕುತ್ತಿದ್ದಾರೆ. ಇಂಥದ್ದೊಂದು ಗೋಪುರ ನಮ್ಮಲ್ಲಿ ಇದ್ದಿದ್ದರೆ ಅದಕ್ಕೆ ಕಬ್ಬಿಣದ ಬೇಲಿ, ಬೀಗ, ನೀಲಿ ಫಲಕ, ನೆರಳಿನಲ್ಲಿ ಮಲಗಿದ ಒಬ್ಬ ಕಾವಲುಗಾರ ಇರುತ್ತಿದ್ದರು, ಒಳಗೆ ಬಾವಲಿಗಳಿರುತ್ತಿದ್ದವು.

ಮ್ಯೂನಿಕ್ ಹೊರವಲಯದಲ್ಲಿ ನೆಲೆಸಿರುವ ನಮಗೆ ರೇಗನ್ಸ್‌ಬುರ್ಗ್ ದೂರದ ಊರೇನಲ್ಲ. ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಬವೇರಿಯಾ ಟಿಕೆಟ್ ಎಂಬುದೊಂದಿದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ, ಶನಿವಾರ ಭಾನುವಾರಗಳಲ್ಲಿ ಇಡೀ ದಿನ, ರಾಜ್ಯದ ಯಾವ ಪ್ರಾದೇಶಿಕ ರೈಲನ್ನಾದರೂ ಹತ್ತಬಹುದು. ಒಂದೇ ಚೀಟಿಯಲ್ಲಿ ಐವರವರೆಗೆ ಹೋಗಬಹುದು. ಚೀಟಿಯ ಮೇಲೆ ಹೆಸರು ಇರಬೇಕು ಎಂಬುದಷ್ಟೇ ಮುಖ್ಯ ಕಟ್ಟಳೆ. ಶನಿವಾರ ಬೆಳಿಗ್ಗೆ ಬೇಗನೆದ್ದು ಪುಳಿಯೋಗರೆ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಎರಡು ಡಬ್ಬಿ ಕಟ್ಟಿಕೊಂಡು ನಾವಿಬ್ಬರೇ ಹೊರಟೆವು. ಫ್ರೈಸಿಂಗ್ ದಾಟಿದ ಮೇಲೆ ಹೊಲಗಳು ಬಂದವು. ಲಾಂಡ್ಸ್‌ಹೂಟ್ ಬಳಿ ದೂರದಲ್ಲಿ ಸಂತ ಮಾರ್ಟಿನ್ ಚರ್ಚಿನ ಸುಮಾರು 130 ಮೀಟರ್ ಎತ್ತರದ ಇಟ್ಟಿಗೆ ಗೋಪುರ ಕಾಣಿಸಿತು. ಇಟ್ಟಿಗೆಯಲ್ಲಿ ಕಟ್ಟಿದ ಗೋಪುರಗಳಲ್ಲಿ ಜಗತ್ತಿನಲ್ಲೇ ಅದಕ್ಕಿಂತ ಎತ್ತರದ್ದು ಇನ್ನೊಂದಿಲ್ಲವೆಂದು ಹೇಳುತ್ತಾರೆ. ರೈಲು ತಡವಾಗಿಯೇ ತಲುಪಿತು. ಜರ್ಮನ್ ರೈಲುಗಳು ಗಡಿಯಾರದಂತೆ ಓಡುತ್ತವೆಂದು ಊರಿನಲ್ಲಿ ಇನ್ನೂ ನಂಬುವವರಿಗೆ ಈ ಮಾತನ್ನು ಹೇಳಿ ಪ್ರಯೋಜನವಿಲ್ಲ. ನಾನು ಹೇಳುವುದನ್ನು ಬಿಟ್ಟಿದ್ದೇನೆ.

ನಿಲ್ದಾಣದಿಂದ ಹಳೆಯ ಊರಿಗೆ ನಡೆದೇ ಹೋಗಬಹುದು. ಮೊದಲು ಸಿಗುವ ಮ್ಯಾಕ್ಸಿಮಿಲಿಯನ್ ಬೀದಿ ಅಗಲವಾಗಿ, ನೆಟ್ಟಗೆ, ಉಳಿದ ಊರಿನ ಸ್ವಭಾವಕ್ಕೆ ಹೊರತಾಗಿ ಇದೆ. 1809ರ ಏಪ್ರಿಲ್‌ನಲ್ಲಿ ನೆಪೋಲಿಯನ್ನನ ಸೇನೆ ಈ ಊರಿನ ಗೋಡೆ ಹತ್ತಿ ಒಳಗೆ ನುಗ್ಗಿದಾಗ ಆ ಭಾಗ ಸುಟ್ಟುಹೋಯಿತು, ಸುಟ್ಟ ಜಾಗದಲ್ಲಿ ಹೊಸ ಬೀದಿ ಎದ್ದಿತು. ಶ್ರೀರಂಗಪಟ್ಟಣ ಬಿದ್ದದ್ದು ಅದಕ್ಕೆ ಹತ್ತು ವರ್ಷ ಮೊದಲು, 1799ರ ಮೇ 4ರಂದು. ಇದನ್ನು ಹೇಳುವುದಕ್ಕೆ ಕಾರಣವಿದೆ. ನನ್ನಾಕೆಯ ಸೋದರಮಾವನ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗಿದೆ. ನದಿಯ ದಂಡೆಯ ಕೋಟೆ, ಮುತ್ತಿಗೆ, ಸುತ್ತುಗೋಡೆ, ಕಲ್ಲಿನ ಸೇತುವೆ, ಹತ್ತಿರದಲ್ಲೇ ರೈಲು ಎಂದೆಲ್ಲ ಈ ಎರಡು ಊರುಗಳು ಒಂದೇ ಅಚ್ಚಿನವು. ಆ ದಿನ ನಾನು ನೋಡಿದ್ದೆಲ್ಲವನ್ನೂ ಅಳೆದದ್ದು ಶ್ರೀರಂಗಪಟ್ಟಣದ ಕೋಲಿನಿಂದಲೇ.

ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ ಕಾಲದಲ್ಲಿ, ಕ್ರಿ.ಶ. 179ರಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಸೈನ್ಯದ ದಂಡು ಕಟ್ಟಲಾಯಿತು. ಊರು ಅಲ್ಲಿಂದ ಬೆಳೆಯಿತು. ಆ ದಂಡಿನ ಉತ್ತರದ ಬಾಗಿಲು, ಪೋರ್ಟಾ ಪ್ರೆಟೋರಿಯಾ, ಇಂದಿಗೂ ನಿಂತಿದೆ. ಆದರೆ ಅದು ಬಯಲಿನಲ್ಲಿ ಒಂಟಿಯಾಗಿ ನಿಂತಿಲ್ಲ. ಶತಮಾನಗಳು ಕಳೆದಂತೆ ಊರು ಆ ಬಾಗಿಲನ್ನು ನುಂಗಿತು. ಬಿಷಪ್ಪರ ಬಿಯರ್ ಕಾರ್ಖಾನೆಯ ಗೋಡೆಯೊಳಗೆ ಅದು ಸೇರಿಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಡವನ್ನು ಬದಲಿಸುವಾಗ ಕಮಾನು ಮತ್ತೆ ಬೆಳಕಿಗೆ ಬಂತು. ಆಗ ಅವರು ಮಾಡಿದ್ದೇನೆಂದರೆ, ಕಮಾನನ್ನು ಕಾಣುವಂತೆ ಬಿಟ್ಟು, ಸುತ್ತಲಿನ ಮನೆಯನ್ನು ಮನೆಯಾಗಿಯೇ ಉಳಿಸಿದರು. ಬೀದಿಯಲ್ಲಿ ನಡೆದು ಹೋಗುವವನ ಬಲಗೈಗೆ ಸುಣ್ಣ ಬಳಿದ ಗೋಡೆ, ಗೋಡೆಯ ನಡುವೆ ಸಾವಿರದ ಎಂಟುನೂರು ವರ್ಷದ ದಪ್ಪ ಕಲ್ಲುಗಳು, ಮೇಲೆ ಕಿಟಕಿ. ಇನ್ನೊಂದು ಕಡೆ, ದಾಖಾವ್ ಚೌಕದ ವಾಹನ ನಿಲ್ದಾಣದ ಕಟ್ಟಡದೊಳಗೇ ರೋಮನ್ ಗೋಡೆಯ ಒಂದು ಭಾಗವಿದೆ. ಜನ ಕಾರು ನಿಲ್ಲಿಸಿ, ಕೀಲಿ ಕಿಸೆಗೆ ಹಾಕಿಕೊಂಡು, ಅದರ ಪಕ್ಕದಿಂದ ನಡೆದು ಹೋಗುತ್ತಾರೆ.

ಪಾರ್ಕಿಂಗ್ ಕಟ್ಟಡದೊಳಗೆ ರೋಮನ್ ಗೋಡೆ ಎಂದರೆ ನಮ್ಮಲ್ಲಿ ಅವಮಾನವೆಂದು ತಿಳಿಯುವವರೇ ಹೆಚ್ಚು. ನನಗೂ ಮೊದಲ ನೋಟಕ್ಕೆ ಹಾಗೆಯೇ ಅನ್ನಿಸಿತು. ಊರಿಡೀ ಅಲೆದ ಮೇಲೆ ಆ ಭಾವನೆ ಹೋಯಿತು. ಗೋಲಿಯಾತ್ ಎಂಬ ದೈತ್ಯನ ಆಳೆತ್ತರದ ಹಲವು ಪಟ್ಟು ದೊಡ್ಡ ಚಿತ್ರವನ್ನು ಹದಿನಾರನೆಯ ಶತಮಾನದಲ್ಲಿ ಬರೆಸಿಕೊಂಡ ಮನೆಯ ಕೆಳಗೆ ಅಂಗಡಿಯಿದೆ, ಮೇಲೆ ಪರದೆ ಎಳೆದ ಕಿಟಕಿಗಳಿವೆ. ಓಣಿಯ ಕಮಾನಿನ ಕೆಳಗೆ ಔಷಧದಂಗಡಿ, ಅದರ ಮುಂದೆ ಮಗುವಿನ ಗಾಡಿ. ಹಳೆಯ ಊರಿನಲ್ಲಿ ಸುಮಾರು ಸಾವಿರ ಕಟ್ಟಡಗಳು ಸ್ಮಾರಕಗಳ ಪಟ್ಟಿಯಲ್ಲಿವೆ. 2006ರಲ್ಲಿ ಯುನೆಸ್ಕೊ ಈ ಊರನ್ನು ನದಿಯಾಚೆಯ ಸ್ಟಾಟ್‌ಆಮ್‌ಹೋಫ್ ಸಮೇತ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಾವಿರ ಕಟ್ಟಡಗಳಲ್ಲಿ ಬಹುಪಾಲು ಯಾರದೋ ಮನೆ, ಯಾರದೋ ಕಚೇರಿ, ಯಾರದೋ ಅಂಗಡಿ. ನೋಡಲೆಂದೇ ಬಂದವನಿಗೆ ಇದು ಸ್ವಲ್ಪ ಮುಜುಗರದ ಸಂಗತಿ, ಏಕೆಂದರೆ ಪರರ ಬಾಗಿಲನ್ನು ದಿಟ್ಟಿಸಿ ನೋಡಿದಂತಾಗುತ್ತದೆ. ಒಬ್ಬ ಅಜ್ಜಿ ಬಾಗಿಲು ತೆರೆದು, ಮೇಲೆ ನೋಡುತ್ತ ನಿಂತಿದ್ದ ನಮ್ಮನ್ನು ದಾಟಿ, ಕಸದ ಚೀಲ ಹಿಡಿದು ಹೋದಳು. ಅವಳ ಬಾಗಿಲ ಮೇಲಿನ ಕಲ್ಲಿನ ಕೆತ್ತನೆಯನ್ನು ನಾನು ಮೊಬೈಲಿನಲ್ಲಿ ಹಿಡಿಯುತ್ತಿದ್ದೆ. ಅವಳಿಗೆ ಅದು ತಿಳಿದಿದ್ದರೂ ಏನೂ ಅನ್ನಲಿಲ್ಲ.

ಮಧ್ಯಾಹ್ನ ಕಲ್ಲಿನ ಸೇತುವೆಯ ಬಳಿ ದಂಡೆಯ ಮೇಲೆ ಕುಳಿತು ಡಬ್ಬಿ ಬಿಚ್ಚಿದೆವು. ಸೇತುವೆಯ ಬುಡದಲ್ಲಿ ಹಳೆಯ ಸಾಸೇಜು ಅಡುಗೆಮನೆಯೊಂದಿದೆ. ಜನ ಸಾಲುಗಟ್ಟಿ ನಿಂತಿದ್ದರು, ಹೊಗೆ ನಮ್ಮ ಪುಳಿಯೋಗರೆಯ ಮೇಲೆ ಹಾಯುತ್ತಿತ್ತು. ಅದರ ಪಕ್ಕದ ಉಪ್ಪಿನ ಉಗ್ರಾಣ 1620ರ ಹೊತ್ತಿಗೆ ಮುಗಿದ ಕಟ್ಟಡ. ಈಗ ಅಲ್ಲಿ ಸಂದರ್ಶಕರ ಮಾಹಿತಿ ಕೇಂದ್ರ. ಸೇತುವೆಯನ್ನು ಕಟ್ಟಲು ಆರಂಭಿಸಿದ್ದು 1135ರಲ್ಲಿ, ಮುಗಿದದ್ದು 1146ರಲ್ಲಿ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ನಮ್ಮ ಕಡೆ ಹಳೇಬೀಡಿನಲ್ಲಿ ಉಳಿಯ ಸದ್ದು ಕೇಳುತ್ತಿದ್ದ ಕಾಲದಲ್ಲೇ ಇಲ್ಲಿ ಡ್ಯಾನ್ಯೂಬ್ ನೀರಿನ ನಡುವೆ ಕಂಬ ಏಳುತ್ತಿದ್ದವು. 1147ರಲ್ಲಿ ಎರಡನೆಯ ಧರ್ಮಯುದ್ಧದ ಸೈನ್ಯ ಈ ಊರಿನಿಂದ ಪೂರ್ವಕ್ಕೆ ಹೊರಟಿತು. ಅದೇ ಸೇತುವೆಯ ಮೇಲೆ 1997ರವರೆಗೆ ಖಾಸಗಿ ಕಾರುಗಳು, 2008ರವರೆಗೆ ನಗರದ ಬಸ್ಸುಗಳು ಓಡಿದವು. ಎಂಟುನೂರೈವತ್ತು ವರ್ಷ ದುಡಿಸಿಕೊಂಡ ಮೇಲೆಯೇ ಅದಕ್ಕೆ ವಾಹನಗಳ ಭಾರದಿಂದ ಬಿಡುಗಡೆ ಸಿಕ್ಕಿದ್ದು. 2010ರಿಂದ 2018ರವರೆಗೆ ತುಂಡು ತುಂಡಾಗಿ ದುರಸ್ತಿ ಮಾಡಿದರು. ಆಗಲೂ ನಡೆಯುವವರಿಗೆ ದಾರಿ ಬಿಟ್ಟಿದ್ದರು. ಈಗ ಅದರ ಮೇಲೆ ಸೈಕಲ್ಲುಗಳು, ನಾಯಿಗಳು, ನಮ್ಮಂಥ ಜೋಡಿಗಳು.

ನಮ್ಮಲ್ಲಿಯೂ ಕಾವೇರಿಗೆ ಅಡ್ಡಲಾಗಿ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಇದೆ. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಕಟ್ಟಿದ್ದು, ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನು ಹೊರಿಸಿದ ಗಟ್ಟಿ ಕೆಲಸ. ಮೈಸೂರಿನಿಂದ ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿರುವ ಅದನ್ನು ನೋಡಲೆಂದೇ ರೈಲು ಹತ್ತಿ ಹೋದ ಮೈಸೂರಿನ ದಂಪತಿಗಳನ್ನು ನಾನು ಇದುವರೆಗೆ ಕಂಡಿಲ್ಲ. ರಂಗನಾಥನ ದರ್ಶನ, ನಿಮಿಷಾಂಬ, ಸಂಗಮದಲ್ಲಿ ಒಂದು ಮುಳುಗು, ದರಿಯಾ ದೌಲತ್ತಿನ ಮುಂದೆ ಒಂದು ಫೋಟೊ, ಸಂಜೆಗೆ ಮನೆ. ಹಳೆಯ ಊರೆಂಬುದು ನಮಗೆ ಗುರುತು ಹಾಕಿಟ್ಟ ಕೆಲವು ಜಾಗಗಳ ಪಟ್ಟಿ. ಅವುಗಳ ನಡುವಿನ ಬೀದಿಗಳು, ಮನೆಗಳು, ಜಗಲಿಗಳು ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿಲ್ಲ ಎಂಬ ಮಾತನ್ನು ಕಾನೂನಿನ ಅರ್ಥದಲ್ಲಿಯೇ ಹೇಳುತ್ತಿದ್ದೇನೆ. ನನ್ನಾಕೆಯ ಸೋದರಮಾವನದು ತೊಟ್ಟಿ ಮನೆ. ಅಂಗಳದ ನಾಲ್ಕು ಮೂಲೆಗೆ ಕೆತ್ತನೆಯ ಮರದ ಕಂಬ, ಮೇಲೆ ನಾಡಹೆಂಚು, ಹಜಾರಕ್ಕೆ ಮದ್ರಾಸ್ ತಾರಸಿ, ಎದುರಿಗೆ ಎರಡು ಕಡೆ ಜಗಲಿ. ಅಣ್ಣತಮ್ಮಂದಿರಲ್ಲಿ ಪಾಲಾದಾಗ ಮನೆಯೂ ನಡುವೆ ಸೀಳಿಹೋಯಿತು. ತಮ್ಮನ ಪಾಲಿನ ತೊಲೆಗೆ ಗೆದ್ದಲು ಹತ್ತಿತ್ತು. ಅವರು ಸಿಮೆಂಟಿನ ಮನೆ ಕಟ್ಟುವ ಯೋಚನೆಯಿಂದ ಅರ್ಧವನ್ನು ಕೆಡವಿಸಿದರು. ಕಂಬಗಳನ್ನು ಹಳೆಯ ಸಾಮಾನು ಕೊಳ್ಳುವವನು ಲಾರಿಗೆ ಹೇರಿಕೊಂಡು ಹೋದ. ಯಾವುದೋ ರೆಸಾರ್ಟಿನ ಮೊಗಸಾಲೆಯಲ್ಲಿ ಅವು ಈಗ ಅಲಂಕಾರಕ್ಕೆ ನಿಂತಿರಬಹುದು. ಕೆಡವಿದ ಮೇಲೆ ಕಟ್ಟಲು ಅನುಮತಿ ಸಿಗಲಿಲ್ಲ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಕೋಟೆಯೊಳಗೆ ಇಂಥ ಸ್ಮಾರಕಗಳು ಒಂದರ ಬೆನ್ನಿಗೆ ಒಂದಿವೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯನ್ನು ದುರಸ್ತಿ ಮಾಡಿಸಲು ಅರ್ಜಿ ಹಾಕಬಹುದು. ಆದರೆ ದುರಸ್ತಿಯೆಂಬುದು ಇರುವ ಮನೆಗೆ, ಕೆಡವಿದ ಮನೆಗಲ್ಲ. ಹೀಗಾಗಿ ಇವತ್ತು ಮಾವನ ಅರ್ಧ ತೊಟ್ಟಿಯ ಪಕ್ಕದಲ್ಲಿ ತಮ್ಮನ ಪಾಲಿನ ಖಾಲಿ ನಿವೇಶನವಿದೆ, ಅದರಲ್ಲಿ ಪಾರ್ಥೇನಿಯಂ ಬೆಳೆದಿದೆ.

ಈ ಕಾನೂನಿನ ಕಣ್ಣಿಗೆ ಮಾವನ ಮನೆ ಪರಂಪರೆಯಲ್ಲ. ಅದು ಪರಂಪರೆಯ ಪಕ್ಕದಲ್ಲಿ ಬಿದ್ದಿರುವ ಒಂದು ಅಡಚಣೆ. ಗುಡಿಗೋ ಮಸೀದಿಗೋ ಬಂದೀಖಾನೆಗೋ ಎಷ್ಟು ದೂರದಲ್ಲಿದೆ ಎಂಬುದೊಂದೇ ಆ ಮನೆಯ ಕುರಿತು ಯಾರಾದರೂ ಅಳೆದು ಬರೆದುಕೊಂಡ ಸಂಗತಿ. ಕಂಬದ ಕೆತ್ತನೆ ಯಾರ ಕಡತದಲ್ಲಿಯೂ ಇಲ್ಲ. ಬವೇರಿಯಾದಲ್ಲಿ 1973ರಿಂದ ಜಾರಿಯಲ್ಲಿರುವ ಸ್ಮಾರಕ ಸಂರಕ್ಷಣಾ ಕಾಯಿದೆಗೆ ಮನೆಯೇ ಸ್ಮಾರಕ. ಮಾಲೀಕ ಕಿಟಕಿಯ ಚೌಕಟ್ಟು ಬದಲಿಸಬೇಕಾದರೂ ಅನುಮತಿ ಕೇಳಬೇಕು. ಆ ಮಟ್ಟಿಗೆ ಅವರ ಕಾನೂನು ನಮ್ಮದಕ್ಕಿಂತ ಹೆಚ್ಚು ಮೂಗು ತೂರಿಸುತ್ತದೆ. ಆದರೆ ಆ ಕಾನೂನಿನ ಜೊತೆಗೆ ತೆರಿಗೆಯ ನಿಯಮವೊಂದು ಕೈಜೋಡಿಸಿದೆ. ಪಟ್ಟಿಯಲ್ಲಿರುವ ಮನೆಯನ್ನು ಅಧಿಕಾರಿಗಳ ಒಪ್ಪಿಗೆಯಂತೆ ದುರಸ್ತಿ ಮಾಡಿಸಿ ಬಾಡಿಗೆಗೆ ಕೊಡುವವನು, ಮೊದಲ 8 ವರ್ಷ ಶೇ. 9ರಂತೆ, ಮುಂದಿನ 4 ವರ್ಷ ಶೇ. 7ರಂತೆ, ಆ ಖರ್ಚನ್ನು ಪೂರ್ತಿಯಾಗಿ ತನ್ನ ತೆರಿಗೆ ಬೀಳುವ ಆದಾಯದಿಂದ ಕಳೆದುಕೊಳ್ಳಬಹುದು. ತಾನೇ ವಾಸಿಸುವವನಿಗೂ 10 ವರ್ಷ ಶೇ. 9ರ ರಿಯಾಯಿತಿಯಿದೆ. ಹಳೆಯ ಮನೆಯಲ್ಲಿ ಜನ ಉಳಿಯಬೇಕಾದರೆ ಹಳೆಯ ಮನೆ ಕೈ ಸುಡಬಾರದು ಎಂಬುದನ್ನು ಅವರ ಲೆಕ್ಕಪತ್ರದವರು ಅರಿತಿದ್ದಾರೆ. ನಮ್ಮಲ್ಲಿ ಪರಂಪರೆಯ ಕುರಿತು ಭಾಷಣ ಮಾಡುವವರ ಸಾಲಿನಲ್ಲಿ ಲೆಕ್ಕಪತ್ರದವರನ್ನು ಯಾರೂ ಕೂರಿಸುವುದಿಲ್ಲ.

ನಾವು ಉಳಿಸುವುದಿಲ್ಲ ಎಂದಲ್ಲ. ಉಳಿಸಬೇಕೆನ್ನಿಸಿದಾಗ ನಮಗೆ ಹೊಳೆಯುವುದು ಎರಡೇ ದಾರಿ: ಒಂದೋ ಜನರನ್ನು ಹೊರಗೆ ಕಳುಹಿಸುವುದು, ಇಲ್ಲವೇ ಮನೆಯನ್ನೇ ಹೊತ್ತೊಯ್ಯುವುದು. ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿ ಸಂಸಾರಗಳಿದ್ದವು, ಇಡ್ಲಿಯ ಅಂಗಡಿಯಿತ್ತು, ಬಳೆ ಕುಂಕುಮ ಮಾರುವವರಿದ್ದರು. 2011ರ ಜುಲೈನಲ್ಲಿ ಅವರನ್ನು ಎಬ್ಬಿಸಿ ಬುಲ್ಡೋಜರ್ ಹರಿಸಲಾಯಿತು. ಮಂಟಪಗಳಿಗೆ ಸಿಮೆಂಟಿನ ಗೋಡೆ ಎತ್ತಿದ್ದರು, ಕಲ್ಲಿಗೆ ಬಣ್ಣ ಬಳಿದಿದ್ದರು ಎಂಬ ಆಕ್ಷೇಪ ಸುಳ್ಳೇನಲ್ಲ. ಆದರೆ ಬಜಾರಿನಲ್ಲಿ ಮಾರುವವರಿಲ್ಲದೆ ಹೋದರೆ ಅದು ಎಂಥ ಬಜಾರು ಎಂದು ಕೇಳಿದವರಿಗೆ ಉತ್ತರ ಸಿಗಲಿಲ್ಲ. ಇನ್ನೊಂದು ದಾರಿಯನ್ನು ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪದಲ್ಲಿ ತೋರಿಸಿದರು. ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ತೊಲೆಗೆ ತೊಲೆ ಕೂಡಿಸಿ ಮತ್ತೆ ನಿಲ್ಲಿಸಿದರು. ಅವರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಅವರು ತರದೆ ಹೋಗಿದ್ದರೆ ಆ ಮರವೆಲ್ಲ ಸೌದೆಯಾಗುತ್ತಿತ್ತು. ಆದರೂ ಅಲ್ಲಿ ಅಂಗಳದಿಂದ ಅಂಗಳಕ್ಕೆ ನಡೆಯುವಾಗ ನನ್ನನ್ನು ಕಾಡಿದ್ದು ಒಂದೇ: ಇಷ್ಟು ಮನೆಗಳಿದ್ದೂ ಎಲ್ಲಿಯೂ ಒಗ್ಗರಣೆಯ ವಾಸನೆಯಿಲ್ಲ.

ನಮ್ಮಲ್ಲಿ ಹಳೆಯ ಮನೆಯಲ್ಲಿ ವಾಸಿಸುವ ಹಕ್ಕು ಪೂರ್ತಿಯಾಗಿ ಉಳಿದಿರುವುದು ದೇವರಿಗೆ ಮಾತ್ರ. ಚೆನ್ನಕೇಶವ ಒಂಬೈನೂರು ವರ್ಷಗಳಿಂದ ಅದೇ ಗರ್ಭಗುಡಿಯಲ್ಲಿದ್ದಾನೆ. ದಿನವೂ ನೈವೇದ್ಯವಾಗುತ್ತದೆ, ದೀಪ ಉರಿಯುತ್ತದೆ. 2023ರಲ್ಲಿ ಹೊಯ್ಸಳರ ಮೂರು ದೇವಾಲಯಗಳಿಗೆ ಯುನೆಸ್ಕೊ ಮಾನ್ಯತೆ ಸಿಕ್ಕಿದ ಮೇಲೂ ಬೇಲೂರಿನ ಪೂಜೆ ನಿಲ್ಲಲಿಲ್ಲ. ಈ ವಿಷಯದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಆದರೆ ಆ ಗುಡಿಯ ಸುತ್ತ ಮನೆ ಮಾಡಿಕೊಂಡಿದ್ದವರ ವಂಶದವರು ಎಲ್ಲಿದ್ದಾರೆಂದು ಕೇಳಿದರೆ, ಬೆಂಗಳೂರಿನ ವಿಜಯನಗರದಲ್ಲೋ ಜೆ.ಪಿ. ನಗರದಲ್ಲೋ ಎಂಬ ಉತ್ತರ ಬರುತ್ತದೆ.

ಸಂಜೆ ಹಿಂದಿರುಗುವ ರೈಲಿನಲ್ಲಿ ಕುಳಿತು ಮಾವನಿಗೆ ಫೋನು ಮಾಡಿ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅಲ್ಲಿ ಆಗಲೇ ಊಟ ಮುಗಿದಿತ್ತು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. “ಅಳಿಯಂದ್ರೇ, ಅಲ್ಲಿ ಸೂರು ಸೋರಿದ್ರೆ ರಾತ್ರಿ ಪಾತ್ರೆ ಇಡೋರು ಯಾರು?” ಎಂದರು. ನನ್ನಾಕೆ ನಕ್ಕಳು. ಅವಳು ಮಾವನ ಪಕ್ಷ. ಬಾಲ್ಯದ ಬೇಸಿಗೆ ರಜೆಗಳನ್ನು ಆ ಮನೆಯಲ್ಲಿ ಕಳೆದವಳು, ಮಳೆಗಾಲದಲ್ಲಿ ಹಾಸಿಗೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದದ್ದನ್ನು ಮರೆತಿಲ್ಲ. ಕಕ್ಕಸು ಹಿತ್ತಲಿನಲ್ಲಿತ್ತು, ರಾತ್ರಿ ಹೋಗಲು ಟಾರ್ಚು ಬೇಕಿತ್ತು, ಅಡುಗೆಮನೆಯಲ್ಲಿ ಹೆಂಗಸರು ಹೊಗೆಯಲ್ಲಿ ಕೆಮ್ಮುತ್ತಿದ್ದರು. ತೊಟ್ಟಿ ಮನೆಯ ಚೆಲುವನ್ನು ಹೊಗಳುವವರೆಲ್ಲ ಗಂಡಸರೇ, ಗಮನಿಸಿದ್ದೀರಾ ಎಂದು ಕೇಳಿದಳು. ನಾನು ಗೋಪುರದ ಹುಡುಗಿಯರನ್ನು ಸಾಕ್ಷಿಗೆ ಕರೆದೆ. ಅವರಿಗೆ ಒಳಗೇ ಬಿಸಿನೀರು ಬರುತ್ತದೆ ಎಂದಳು. ಆ ಮಾತಿಗೆ ನನ್ನಲ್ಲಿ ಪ್ರತಿಮಾತಿರಲಿಲ್ಲ. ಆದರೆ ನನ್ನ ವಾದವೂ ಅದೇ ತಾನೆ? ಹದಿಮೂರನೆಯ ಶತಮಾನದ ಗೋಡೆಯೊಳಗೆ ಬಿಸಿನೀರಿನ ಕೊಳವೆ ಎಳೆಯಲು ಅನುಮತಿಯೂ ಹಣವೂ ದೊರೆತದ್ದರಿಂದಲೇ ಅಲ್ಲಿ ಹುಡುಗಿಯರಿದ್ದಾರೆ.

ರೇಗನ್ಸ್‌ಬುರ್ಗಿನವರು ಹುಟ್ಟಿನಿಂದಲೇ ಬುದ್ಧಿವಂತರಾಗಿದ್ದರೆಂದು ಇದರ ಅರ್ಥವಲ್ಲ. ಊರು ಉಳಿದದ್ದಕ್ಕೆ ದೊಡ್ಡ ಕಾರಣ ಬಡತನ. ಮಧ್ಯಯುಗದ ಕೊನೆಗೆ ವ್ಯಾಪಾರ ಔಗ್ಸ್‌ಬುರ್ಗಿಗೂ ನ್ಯೂರೆಂಬರ್ಗಿಗೂ ಹೋಯಿತು; ಹಳೆಯದನ್ನು ಕೆಡವಿ ಹೊಸ ಶೈಲಿಯಲ್ಲಿ ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ. 1663ರಿಂದ 1806ರವರೆಗೆ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆ ಕಾಯಂ ಆಗಿ ಇಲ್ಲೇ ಸೇರುತ್ತಿದ್ದುದರಿಂದ ಪೂರ್ತಿ ಪಾಳು ಬೀಳಲೂ ಇಲ್ಲ. 1943ರ ಆಗಸ್ಟ್‌ನಲ್ಲಿ ಅಮೆರಿಕದ ವಿಮಾನಗಳು ಊರಿನ ಮೆಸ್ಸರ್‌ಶ್ಮಿಟ್ ಯುದ್ಧವಿಮಾನ ಕಾರ್ಖಾನೆಯ ಮೇಲೆ ಬಾಂಬು ಹಾಕಿದವು. ಹಳೆಯ ಊರು ಬಹುಮಟ್ಟಿಗೆ ಪಾರಾಯಿತು. ಯುದ್ಧದ ನಂತರದ ದಶಕಗಳಲ್ಲಿ ಆ ಬೀದಿಗಳೆಲ್ಲ ತೇವ ಹಿಡಿದ, ಕಿಕ್ಕಿರಿದ ಬಡವರ ಕೇರಿಗಳಾಗಿದ್ದವು. ಅಗಲ ರಸ್ತೆ ಹಾಯಿಸುವ ಯೋಜನೆಗಳೂ ಇದ್ದವು. ಶ್ರೀರಂಗಪಟ್ಟಣಕ್ಕೂ 1799ರ ನಂತರ ಇಂಥದೇ ಬಡತನ ಬಂತು. ರಾಜಧಾನಿ ಮೈಸೂರಿಗೆ ಹೋಯಿತು, ಟಿಪ್ಪುವಿನ ಲಾಲ್ ಮಹಲಿನ ಬುಡವಷ್ಟೇ ಉಳಿಯಿತು. ಎರಡು ಊರುಗಳ ದಾರಿ ಬೇರೆಯಾದದ್ದು ಬಡತನದಲ್ಲಲ್ಲ, ಮುಂದೆ ಕೈಗೆ ಹಣ ಬಂದಾಗ.

ಜನರನ್ನು ಮನೆಯಲ್ಲಿ ಉಳಿಸಿಕೊಂಡ ಊರೆಂದು ನಾನು ಹೊಗಳುತ್ತಿರುವ ಇದೇ ರೇಗನ್ಸ್‌ಬುರ್ಗಿನ ನೊಯ್‌ಫಾರ್ ಚೌಕದಲ್ಲಿ ನನ್ನಾಕೆ ಬಿಳಿಯ ಕಾಂಕ್ರೀಟಿನ ತಗ್ಗು ಹಾಸೊಂದರ ಮೇಲೆ ಕುಳಿತು ಚಪ್ಪಲಿ ಕಳಚಿ ಕಾಲು ಚಾಚಿದ್ದಳು. ಮಕ್ಕಳು ಅದರ ಮೇಲೆ ಕುಣಿಯುತ್ತಿದ್ದರು. ಇಸ್ರೇಲಿನ ಶಿಲ್ಪಿ ಡಾನಿ ಕರವಾನ್ 2005ರಲ್ಲಿ ಕೂಡಿಸಿದ ಆ ಹಾಸು, ಅಲ್ಲಿದ್ದ ಯಹೂದಿ ಪ್ರಾರ್ಥನಾ ಮಂದಿರದ ಅಡಿಪಾಯದ ಆಕಾರ. 1519ರ ಆರಂಭದಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಸತ್ತು ಯಹೂದಿಗಳಿಗೆ ರಕ್ಷಕರಿಲ್ಲದಾದ ಕೂಡಲೇ ನಗರಸಭೆ ಅವರನ್ನು ಊರಿನಿಂದ ಹೊರಹಾಕಿ ಇಡೀ ಕೇರಿಯನ್ನು ನೆಲಸಮ ಮಾಡಿತು. ಚಿತ್ರಕಾರ ಆಲ್ಟ್‌ಡೋರ್ಫರ್ ಆ ನಗರಸಭೆಯ ಸದಸ್ಯ. ಮಂದಿರ ಉರುಳುವ ಮೊದಲು ಅದರ ಮೊಗಸಾಲೆಯನ್ನೂ ಒಳಾಂಗಣವನ್ನೂ ಎರಡು ಅಚ್ಚುಚಿತ್ರಗಳಲ್ಲಿ ಬಿಡಿಸಿಟ್ಟ. ಅವನಿಗಿಂತ ಚೆನ್ನಾಗಿ ದಾಖಲಿಸಿದವರಿಲ್ಲ, ಹೊರಹಾಕಿದವರಲ್ಲಿ ಅವನೂ ಒಬ್ಬ. ಹಂಪಿಯ ರಥಬೀದಿಯನ್ನು ಮುಂದಿಟ್ಟು ಯುರೋಪಿಗೆ ನಮಸ್ಕಾರ ಹಾಕುವ ಅವಸರದಲ್ಲಿ ಈ ಚೌಕವನ್ನು ನಾನು ಬಿಟ್ಟುಬಿಡುವವನಿದ್ದೆ. ನನ್ನಾಕೆ ಕರಡು ಓದಿ ಇಲ್ಲಿ ಸೇರಿಸಿದಳು.

ಅವಳೇ ನೆನಪಿಸಿದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬೆಂಗಳೂರು ಮೈಸೂರು ರೈಲು ಹಳಿಯನ್ನು ಜೋಡಿ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ದಾರಿಗೆ ಅಡ್ಡ ಬಂತು. ಕೆಡವಿಬಿಡುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಕೆಡವಲಿಲ್ಲ, 2017ರಲ್ಲಿ ಅಮೆರಿಕದಿಂದಲೂ ತಂತ್ರಜ್ಞರನ್ನು ಕರೆಸಿ, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಆ ದಿನಗಳಲ್ಲಿ ಮಾವ ದಿನವೂ ಹೋಗಿ ನೋಡಿ ಬರುತ್ತಿದ್ದರಂತೆ. ಮನಸ್ಸಿದ್ದರೆ ನಮ್ಮಲ್ಲಿಯೂ ಆಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಒಂದು ಮದ್ದಿನ ಮನೆಗೆ ಅಷ್ಟು ಮಾಡಿದವರು ಅದರ ಕಣ್ಣಳತೆಯಲ್ಲಿರುವ ವಾಸದ ಮನೆಗಳಿಗೆ ಒಂದು ಪಟ್ಟಿಯನ್ನಾದರೂ ಮಾಡಬಾರದೇ ಎಂಬುದಷ್ಟೇ ನನ್ನ ತಕರಾರು.

ನೂರು ಮೀಟರಿನ ನಿಯಮವನ್ನು ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ತೆಗೆದರೆ ಮರುದಿನವೇ ರಂಗನಾಥನ ಗೋಪುರದ ಪಕ್ಕದಲ್ಲಿ ಆರಂತಸ್ತಿನ ಯಾತ್ರಿ ನಿವಾಸ ಏಳುತ್ತದೆಂದು ನನಗೂ ಗೊತ್ತು. ಹಳೆಯ ಕಟ್ಟಡದಲ್ಲಿ ಜನರನ್ನು ಬಿಟ್ಟು ದುರಸ್ತಿಯನ್ನು ಮರೆತರೆ ಏನಾಗುತ್ತದೆಂಬುದನ್ನು ಮೈಸೂರು 2012ರಲ್ಲಿ ಕಂಡಿತು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಅಂಗಡಿಗಳ ಮೇಲೆ ಕು‌ಸಿದು ಜೀವಹಾನಿಯಾಯಿತು. ಕೋಟೆಯೊಳಗಿನ ಹಳೆಯ ಮನೆಗಳನ್ನು ಒಮ್ಮೆ ಎಣಿಸಿ, ಯಾವ ಮನೆಯಲ್ಲಿ ಯಾವ ಕಂಬ, ಯಾವ ತಾರಸಿ ಎಂದು ಬರೆದುಕೊಂಡು, ತೊಲೆ ಬದಲಿಸುವ ಅರ್ಜಿಗೆ ತಾಲ್ಲೂಕಿನಲ್ಲೇ ಗಡುವಿನೊಳಗೆ ಉತ್ತರ ಕೊಟ್ಟು, ಖರ್ಚಿನ ಒಂದು ಪಾಲನ್ನು ತೆರಿಗೆಯಲ್ಲಿ ಬಿಟ್ಟರೆ ಸಾಕು. ಕಕ್ಕಸನ್ನು ಒಳಗೆ ತರಲು, ಅಡುಗೆಮನೆಗೆ ಕೊಳವೆ ಎಳೆಯಲು ಮೊದಲ ಅನುಮತಿ ಸಿಗಬೇಕೆಂಬ ಷರತ್ತನ್ನು ನನ್ನಾಕೆ ಸೇರಿಸಿದ್ದಾಳೆ. ಅದಿಲ್ಲದೆ ತನ್ನ ಸಹಿಯಿಲ್ಲವಂತೆ. ಮಾವನ ಅರ್ಧ ತೊಟ್ಟಿಯ ಅರ್ಜಿ ಸದ್ಯಕ್ಕೆ ಯಾವುದೋ ಕಚೇರಿಯ ಮೇಜಿನ ಮೇಲಿದೆ. ಕಂಬ ಕೊಳ್ಳುವವನು ಮಾತ್ರ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತಪ್ಪದೆ ಬಂದು, ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು, ಬೆಲೆಯನ್ನು ಸ್ವಲ್ಪ ಏರಿಸಿ ಹೋಗುತ್ತಾನೆ.